ಹೊರಗಿನವರೆಲ್ಲ ಬಾಬೆಲಿನವರೆಂದು ಬೋಧಿಸುವ ಹಿರಿಯರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಭಾಪಾಲಕರೇ, ಗೌರವಾನ್ವಿತ ಹಿರಿಯರೇ,

ಕರ್ತನಾದ ಯೇಸು ಕ್ರಿಸ್ತನ ನಾಮದಲ್ಲಿ ನಿಮಗೆ ವಂದನೆಗಳು.

ನಾನು ಇವಾಂಜೆಲಿಕಲ್, ಅಂದರೆ ಸುವಾರ್ತೆಗೆ ಒತ್ತುಕೊಡುವ ಪ್ರೊಟೆಸ್ಟೆಂಟ್ ಸಭೆಯೊಂದರ ಸದಸ್ಯ. ನಿಮ್ಮ ಸಭೆಯ ಹೊರಗಿರುವವರೆಲ್ಲ ಬಾಬೆಲಿನವರು, ಅಂದರೆ ಪ್ರಕಟನೆ ಪುಸ್ತಕದಲ್ಲಿ ದೇವರ ತೀರ್ಪಿಗೆ ಗುರಿಯಾಗುವ ಭ್ರಷ್ಟ ನಗರಕ್ಕೆ ಸೇರಿದವರು ಎಂಬ ನಿಮ್ಮ ಬೋಧನೆಯಂತೆ ಈ ವಂದನೆ ಹೇಳುವ ಹಕ್ಕೂ ನನಗಿಲ್ಲ. ಆದರೂ ಬೇರೆ ಯಾವ ನಾಮದಲ್ಲಿ ನಿಮ್ಮ ಮುಂದೆ ಬರಲಿ? ನನ್ನ ಅಕ್ಕ ನಿಮ್ಮ ಸಭೆಯಲ್ಲಿದ್ದಾಳೆ. ಅವಳ ಜೊತೆ ಕೆಲವು ತಿಂಗಳು ನಾನೂ ನಿಮ್ಮ ಕೂಟಗಳಲ್ಲಿ ಕುಳಿತಿದ್ದೇನೆ. ಅಲ್ಲಿ ಕೇಳಿದ್ದನ್ನೂ ಕಂಡದ್ದನ್ನೂ ಕುರಿತು ನಿಮಗೆ ಖಾಸಗಿಯಾಗಿ ಬರೆದೆ, ಭೇಟಿಗೆ ಸಮಯ ಕೇಳಿದೆ. ಕೊನೆಗೆ ನಿಮ್ಮಲ್ಲೊಬ್ಬರು ಬಾಗಿಲಲ್ಲೇ ನಿಲ್ಲಿಸಿ, "ಹೊರಗಿನವರೊಂದಿಗೆ ನಮಗೆ ಮಾತಿಲ್ಲ" ಎಂದರು. ಆದ್ದರಿಂದ ಈಗ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ನಿಮ್ಮ ಸಭೆಯ ಹೆಸರನ್ನು ಹೇಳುವುದಿಲ್ಲ. ಅಲ್ಲಿ ಕುಳಿತು ಪ್ರಾರ್ಥಿಸುವ ಬಡ, ಪ್ರಾಮಾಣಿಕ ಕುಟುಂಬಗಳು ಜನರ ಬಾಯಿಗೆ ಬೀಳಬಾರದು. ಇದೇ ಬೋಧನೆ ಬೇರೆ ಬೇರೆ ಹೆಸರಿನ ಎಷ್ಟೋ ಸಣ್ಣ ಸಭೆಗಳಲ್ಲಿ ನಡೆಯುತ್ತಿದೆ. ಅಂಥ ಮನೆಯವರಿಗೆ ಈ ಪತ್ರದಲ್ಲಿರುವುದು ಹೊಸದಲ್ಲ.

ನಿಮ್ಮಲ್ಲಿ ಕಂಡ ಒಳ್ಳೆಯದನ್ನು ಹೇಳದೆ ದೂರು ಹೇಳುವುದು ನ್ಯಾಯವಲ್ಲ. ನಿಮ್ಮ ಜನ ಸತ್ಯವೇದವನ್ನು ಓದುತ್ತಾರೆ, ನಿಜವಾಗಿ ಓದುತ್ತಾರೆ. ಹತ್ತು ವರ್ಷದ ಮಕ್ಕಳು ರೋಮಾಪುರದವರಿಗೆ ಬರೆದ ಪತ್ರದ ಅಧ್ಯಾಯಗಳನ್ನು ಬಾಯಿಪಾಠ ಹೇಳುವುದನ್ನು ಕೇಳಿ ಬೆರಗಾಗಿದ್ದೇನೆ. ನಿಮ್ಮಲ್ಲಿ ಯಾರೂ ಸಂಬಳ ತೆಗೆದುಕೊಳ್ಳುವುದಿಲ್ಲ. ಕಾಣಿಕೆಗಾಗಿ ಯಾರ ಮೇಲೂ ಒತ್ತಡವಿಲ್ಲ. ಅಕ್ಕನ ಗಂಡ ಕೆಲಸ ಕಳೆದುಕೊಂಡಾಗ ನಿಮ್ಮ ಸಭೆಯವರು ಸದ್ದಿಲ್ಲದೆ ಮನೆ ನಡೆಸಿಕೊಟ್ಟರು. ಅದನ್ನು ನಮ್ಮ ಕುಟುಂಬ ಮರೆತಿಲ್ಲ.

ನಮ್ಮ ಮೇಲೆ ನೀವು ಹೊರಿಸುವ ಆಪಾದನೆಗಳಲ್ಲಿಯೂ ಹಲವು ನಿಜ. ಕೊಟ್ಟಷ್ಟೂ ದೇವರು ದುಪ್ಪಟ್ಟು ಮಾಡುತ್ತಾನೆಂದು ಹೇಳಿ ಬಡವರ ಕೈಯಿಂದ ಹಣ ಕೀಳುವ ಬೋಧಕರು ಇವಾಂಜೆಲಿಕಲ್ ವೇದಿಕೆಗಳ ಮೇಲೇ ನಿಂತಿದ್ದಾರೆ. ಕೈ ಎತ್ತಿಸಿ, ಒಂದು ಪ್ರಾರ್ಥನೆ ಹೇಳಿಸಿ, ರಕ್ಷಣೆಯಾಯಿತೆಂದು ಲೆಕ್ಕ ಬರೆದುಕೊಳ್ಳುವ ಅಭ್ಯಾಸ ಮಾನಸಾಂತರವನ್ನು ಅಗ್ಗವಾಗಿಸಿದೆ. ಇದಕ್ಕಿಂತ ಘೋರವಾದದ್ದೂ ಇದೆ. ಅಮೆರಿಕದ ಸದರ್ನ್ ಬ್ಯಾಪ್ಟಿಸ್ಟ್ ಪಂಗಡದ ಬಗ್ಗೆ 2022ರಲ್ಲಿ ಹೊರಬಂದ ಸ್ವತಂತ್ರ ತನಿಖಾ ವರದಿಯನ್ನು ನಾನು ತಲೆ ತಗ್ಗಿಸಿ ಓದಿದೆ. ಲೈಂಗಿಕ ದೌರ್ಜನ್ಯದ ಆರೋಪ ಹೊತ್ತ 700ಕ್ಕೂ ಹೆಚ್ಚು ಮಂದಿಯ ಪಟ್ಟಿ ಆ ಪಂಗಡದ ಕೇಂದ್ರ ಕಚೇರಿಯಲ್ಲಿತ್ತು. ಅದನ್ನು ಗುಟ್ಟಾಗಿಟ್ಟುಕೊಂಡೇ, ನೊಂದು ಬಂದವರನ್ನು ವರ್ಷಗಟ್ಟಲೆ ದೂರ ತಳ್ಳಲಾಗಿತ್ತು. ಇಂಥದ್ದನ್ನು ಖಂಡಿಸುವುದು ತಪ್ಪೆಂದು ನಾನು ಹೇಳುವುದಿಲ್ಲ. ನಮ್ಮ ಸಭೆಯಲ್ಲೂ ಇದನ್ನು ಎದ್ದು ನಿಂತು ಹೇಳಿದ್ದೇನೆ. ನೀವು ಇನ್ನೂ ಗಟ್ಟಿಯಾಗಿ ಹೇಳಿ.

ನನ್ನ ದೂರು ಖಂಡನೆಯ ಬಗ್ಗೆ ಅಲ್ಲ. ಅಲ್ಲಿ ಪಾಪವಿದೆ ಎಂಬಲ್ಲಿಂದ ಅಲ್ಲಿ ಕ್ರಿಸ್ತನೇ ಇಲ್ಲ ಎಂಬಲ್ಲಿಗೆ ನೀವು ಒಂದೇ ನೆಗೆತಕ್ಕೆ ಹೋಗುತ್ತೀರಿ. ಅಲ್ಲಿಂದ ಮುಂದಕ್ಕೆ, ಆದ್ದರಿಂದ ಅವರ ಜೊತೆ ಉಣ್ಣಬೇಡ, ಅವರ ಸಾವಿಗೂ ಹೋಗಬೇಡ ಎನ್ನುತ್ತೀರಿ. ಈ ದಾರಿಯ ಬಗ್ಗೆ ನನ್ನ ದೂರು.

ನಿಮ್ಮ ಪ್ರಸಂಗಗಳಲ್ಲಿ ಕೇಳಿದ್ದನ್ನು ಇದ್ದಂತೆಯೇ ಇಡುತ್ತೇನೆ. ರೋಮನ್ ಕಥೋಲಿಕ ಸಭೆ ಮಹಾ ಬಾಬೆಲ್, ಪ್ರೊಟೆಸ್ಟೆಂಟ್ ಪಂಗಡಗಳು ಅವಳ ಹೆಣ್ಣುಮಕ್ಕಳು, ಇವಾಂಜೆಲಿಕಲ್ ಸಭೆಗಳು ಎಲ್ಲರಿಗಿಂತ ಅಪಾಯಕಾರಿ, ಏಕೆಂದರೆ ಅವು ಸತ್ಯದಂತೆ ಕಾಣುತ್ತವೆ. ಅಮೆರಿಕದ ಸುವಾರ್ತಿಕ ಬಿಲ್ಲಿ ಗ್ರಹಾಂ ಲಕ್ಷಾಂತರ ಜನರನ್ನು ನರಕಕ್ಕೆ ನಡೆಸಿದ ಸುಳ್ಳು ಪ್ರವಾದಿ. ಹೊರಗಿನ ದೀಕ್ಷಾಸ್ನಾನ ಬರೀ ನೀರು, ಹೊರಗಿನ ರೊಟ್ಟಿ ದೆವ್ವಗಳ ಮೇಜಿನದು. ಈ ಮಾತುಗಳಲ್ಲಿ ಒಂದನ್ನಾದರೂ ನಾನು ತಿರುಚಿದ್ದೇನೆ ಎನಿಸಿದರೆ ತಿದ್ದಿ, ನಾನೂ ಬಹಿರಂಗವಾಗಿಯೇ ತಿದ್ದಿಕೊಳ್ಳುತ್ತೇನೆ.

ನೀವು ಮತ್ತೆ ಮತ್ತೆ ಎತ್ತುವ ವಚನ 2 ಕೊರಿಂಥ 6:17, ಅವರ ಮಧ್ಯದಿಂದ ಹೊರಟುಬಂದು ಪ್ರತ್ಯೇಕವಾಗಿರಿ ಎಂಬುದು. ಅದರ ಹಿಂದಿನ ವಚನ ಓದಿ. ದೇವರ ಮಂದಿರಕ್ಕೂ ವಿಗ್ರಹಗಳಿಗೂ ಏನು ಒಪ್ಪಿಗೆ ಎಂದು ಪೌಲನು ಅಲ್ಲಿ ಕೇಳುತ್ತಾನೆ. ಅವನು ಪ್ರತ್ಯೇಕಿಸುವುದು ಕ್ರಿಸ್ತನನ್ನು ನಂಬಿದವರನ್ನು ನಂಬದವರಿಂದ. ಕ್ರಿಸ್ತನನ್ನು ಬೇರೆ ರೀತಿಯಲ್ಲಿ ಆರಾಧಿಸುವ ಸಭೆಯಿಂದಲ್ಲ. ಇನ್ನು ಆ ಪತ್ರ ಹೋದದ್ದು ಎಂಥ ಸಭೆಗೆ? ತಂದೆಯ ಹೆಂಡತಿಯನ್ನು ಇಟ್ಟುಕೊಂಡವನು ಅಲ್ಲಿದ್ದ. ವಿಶ್ವಾಸಿಗಳು ಒಬ್ಬರ ಮೇಲೊಬ್ಬರು ನ್ಯಾಯಾಲಯಕ್ಕೆ ಹೋಗುತ್ತಿದ್ದರು. ಕರ್ತನ ಭೋಜನಕ್ಕೆ ಬಂದವರಲ್ಲಿ ಒಬ್ಬ ಹಸಿದಿರುತ್ತಿದ್ದ, ಇನ್ನೊಬ್ಬ ಕುಡಿದಿರುತ್ತಿದ್ದ. ಸತ್ತವರ ಪುನರುತ್ಥಾನವೇ ಇಲ್ಲ ಎನ್ನುವವರೂ ಅಲ್ಲಿದ್ದರು. ಇಷ್ಟೆಲ್ಲ ಗೊತ್ತಿದ್ದೇ ಪೌಲನು ಮೊದಲ ಪತ್ರದ ಮೊದಲ ಸಾಲುಗಳಲ್ಲಿ ಅವರನ್ನು ಕೊರಿಂಥದಲ್ಲಿರುವ ದೇವರ ಸಭೆ ಎಂದು ಕರೆದ. ಗದರಿಸಿದ, ಅತ್ತ, ಒಬ್ಬನನ್ನು ಹೊರಗೆ ಹಾಕಲು ಹೇಳಿದ. ನೀವು ಸಭೆಯೇ ಅಲ್ಲ ಎನ್ನಲಿಲ್ಲ.

ಪ್ರಕಟನೆ 18ರ ಬಾಬೆಲನ್ನು ನಮಗೆ ಅಂಟಿಸುತ್ತೀರಿ. ಅದೇ ಪುಸ್ತಕದ 3ನೇ ಅಧ್ಯಾಯದಲ್ಲಿ ಸಾರ್ದಿಸ್ ಸಭೆಗೆ ಬಂದ ಪತ್ರವೂ ಇದೆ. ಜೀವಿಸುವವನೆಂದು ಹೆಸರಿದ್ದರೂ ಸತ್ತವನಾಗಿದ್ದೀ ಎಂದು ಸ್ವತಃ ಕರ್ತನೇ ಹೇಳಿದ ಸಭೆ ಅದು. ತಮ್ಮ ಬಟ್ಟೆಗಳನ್ನು ಮಲಿನ ಮಾಡಿಕೊಳ್ಳದ ಕೆಲವರು ಅಲ್ಲಿಯೂ ಇದ್ದರು. ಆ ಕೆಲವರಿಗೆ ಕರ್ತನು ಏನು ಹೇಳಿದ? ಸಾರ್ದಿಸನ್ನು ಬಿಟ್ಟು ಹೋಗಿ ಎನ್ನಲಿಲ್ಲ. ನನ್ನೊಂದಿಗೆ ನಡೆಯುವರು ಎಂದ. ನಾನು ನಿಮ್ಮ ಕೂಟಗಳಲ್ಲಿದ್ದಷ್ಟು ಕಾಲ ಈ ಭಾಗವನ್ನು ಯಾರೂ ಓದಿದ್ದು ಕೇಳಲಿಲ್ಲ.

ಯೋಹಾನನ ಎರಡನೆಯ ಪತ್ರದ 10ನೇ ವಚನವನ್ನು ಮಾತ್ರ ಬಹಳ ಸಲ ಕೇಳಿದೆ. ಈ ಬೋಧನೆಯನ್ನು ತಾರದವನನ್ನು ಮನೆಯೊಳಗೆ ಸೇರಿಸಬೇಡಿ, ವಂದಿಸಲೂ ಬೇಡಿ ಎಂಬ ವಚನ ಅದು. ಯಾವ ಬೋಧನೆ? 7ನೇ ವಚನದಲ್ಲೇ ಇದೆ: ಯೇಸು ಕ್ರಿಸ್ತನು ಮನುಷ್ಯನಾಗಿ ಬಂದದ್ದನ್ನು ಒಪ್ಪದವರು. ನಮ್ಮ ಸಭೆಯ ಯಾವ ಮೂಲೆಯಲ್ಲಿಯಾದರೂ ಅದನ್ನು ಒಪ್ಪದವರನ್ನು ತೋರಿಸಿ. ಆ ಪುಟವನ್ನು ತಿರುಗಿಸಿದರೆ ಮೂರನೆಯ ಪತ್ರ. ಅಲ್ಲಿ ದಿಯೊತ್ರೇಫನೆಂಬ ಒಬ್ಬನಿದ್ದಾನೆ. ಪ್ರಮುಖನಾಗಿರಬೇಕೆಂಬ ಆಸೆ ಅವನಿಗೆ. ಬಂದ ಸಹೋದರರನ್ನು ಅವನು ಸೇರಿಸಿಕೊಳ್ಳುವುದಿಲ್ಲ. ಸೇರಿಸಿಕೊಳ್ಳಬೇಕೆಂದಿರುವವರಿಗೆ ಅಡ್ಡಿಮಾಡಿ ಅವರನ್ನೂ ಸಭೆಯಿಂದ ಹೊರಗೆ ಹಾಕುತ್ತಾನೆ. ಸುಳ್ಳು ಬೋಧಕನಿಗೆ ಬಾಗಿಲು ಮುಚ್ಚಿ ಎಂದು ಬರೆದ ಅದೇ ಕೈ, ಸಹೋದರನಿಗೆ ಬಾಗಿಲು ಮುಚ್ಚಿದವನನ್ನು ಹೆಸರು ಹಿಡಿದು ಖಂಡಿಸಿದೆ. ಎರಡನ್ನೂ ಒಟ್ಟಿಗೆ ಓದಬೇಕಲ್ಲವೇ?

ನಿಮ್ಮ ದಾರಿ ಹೊಸದಲ್ಲ. ಅದು ಎಲ್ಲಿಗೆ ಹೋಗಿ ಮುಟ್ಟಿತೆಂಬುದು ಬರೆದಿಟ್ಟ ಚರಿತ್ರೆ. 303ರಲ್ಲಿ ಶುರುವಾದ ಡಯೋಕ್ಲೀಷಿಯನ್ ಚಕ್ರವರ್ತಿಯ ಹಿಂಸೆಯ ಕಾಲದಲ್ಲಿ ಉತ್ತರ ಆಫ್ರಿಕದ ಕೆಲವು ಸಭಾನಾಯಕರು ಹೆದರಿ ಪವಿತ್ರ ಗ್ರಂಥಗಳನ್ನು ಅಧಿಕಾರಿಗಳ ಕೈಗೆ ಕೊಟ್ಟರು. ಹಿಂಸೆ ಮುಗಿದ ಮೇಲೆ, ಅಂಥವರ ಕೈ ಸೋಂಕಿದ ಸಭೆ ಸಭೆಯೇ ಅಲ್ಲ, ಅಲ್ಲಿನ ದೀಕ್ಷಾಸ್ನಾನ ದೀಕ್ಷಾಸ್ನಾನವೇ ಅಲ್ಲ ಎಂದು ಡೊನಾಟಿಸ್ಟರು ಬೇರೆಯಾದರು. ಅವರ ಸಿಟ್ಟಿಗೆ ಕಾರಣವಿತ್ತು, ಅವರಲ್ಲಿ ರಕ್ತಸಾಕ್ಷಿಗಳ ಮಕ್ಕಳಿದ್ದರು. ಆದರೆ 4ನೇ ಶತಮಾನದ ಕೊನೆಗೆ ಅವರೊಳಗೇ ಮ್ಯಾಕ್ಸಿಮಿಯನ್ ಎಂಬುವನ ಗುಂಪು ಒಡೆದು ಹೋಯಿತು. ಆ ಗುಂಪನ್ನು ಶಪಿಸಿದರು. ಆಮೇಲೆ ಅದರಲ್ಲಿ ಕೆಲವರು ಹಿಂದಿರುಗಿದಾಗ, ಹೊರಗೆ ಅವರು ಕೊಟ್ಟ ದೀಕ್ಷಾಸ್ನಾನವನ್ನು ಸುಮ್ಮನೆ ಒಪ್ಪಿಕೊಂಡರು. ಹೊರಗಿನ ದೀಕ್ಷಾಸ್ನಾನ ಬರೀ ನೀರೆಂದು ಸುಮಾರು ಒಂದು ಶತಮಾನ ಬೋಧಿಸಿದವರು! ಅದೇ ಉತ್ತರ ಆಫ್ರಿಕದ ಬಿಷಪ್ ಅಗಸ್ಟೀನ್ ಇದನ್ನೇ ಎತ್ತಿ ಅವರನ್ನು ಪ್ರಶ್ನಿಸಿದ. ಬಳಿಕ ಚಕ್ರವರ್ತಿಯ ಕಾನೂನಿನಿಂದ ಅವರನ್ನು ಬಗ್ಗಿಸಲು ಹೊರಟದ್ದು ಇನ್ನೊಂದು ಪಾಪ, ಅದನ್ನು ಅಗಸ್ಟೀನ್ ಸಮರ್ಥಿಸಿದ್ದು ನನಗೆ ಇಂದಿಗೂ ನೋವು ತರುತ್ತದೆ. ನಿಮ್ಮ ಮೇಲೆ ಯಾವ ಸರ್ಕಾರದ ಕೈಯೂ ಬೀಳಬಾರದು. ಬಿದ್ದರೆ ನಿಮ್ಮ ಪರವಾಗಿ ನಿಲ್ಲುವವರಲ್ಲಿ ನಾನಿರುತ್ತೇನೆ.

ಇದಕ್ಕಿಂತ ಹತ್ತಿರದ ಉದಾಹರಣೆ ಬ್ರದರನ್ ಸಭೆಗಳದು. 1820ರ ದಶಕದಲ್ಲಿ ಡಬ್ಲಿನ್‌ನಲ್ಲಿ ಬೇರೆ ಬೇರೆ ಪಂಗಡಗಳ ಕೆಲವರು, ಕ್ರಿಸ್ತನನ್ನು ಪ್ರೀತಿಸುವ ಯಾರೊಂದಿಗೂ ರೊಟ್ಟಿ ಮುರಿಯಬಹುದೆಂಬ ಸಂತೋಷದಿಂದ ಕೂಡಲಾರಂಭಿಸಿದರು. ಎಷ್ಟು ಚೆಂದದ ಆರಂಭ! ಇಪ್ಪತ್ತೇ ವರ್ಷಗಳಲ್ಲಿ ಅವರ ನಾಯಕರಲ್ಲೊಬ್ಬರಾದ ಜಾನ್ ನೆಲ್ಸನ್ ಡಾರ್ಬಿ ಪ್ಲಿಮತ್‌ನಲ್ಲಿ ಅಲ್ಲಿನ ಸಭೆಯ ನಾಯಕ ಬೆಂಜಮಿನ್ ನ್ಯೂಟನ್‌ರಿಂದ ಬೇರೆಯಾದರು. 1848ರಲ್ಲಿ ಬ್ರಿಸ್ಟಲ್‌ನ ಬೆಥೆಸ್ಡ ಸಭೆ ನ್ಯೂಟನ್‌ರ ಕಡೆಯಿಂದ ಬಂದ ಕೆಲವರನ್ನು ವಿಚಾರಿಸಿ, ಅವರಲ್ಲಿ ತಪ್ಪು ಬೋಧನೆ ಇಲ್ಲವೆಂದು ಸೇರಿಸಿಕೊಂಡಿತು. ಅಷ್ಟಕ್ಕೇ ಡಾರ್ಬಿ ಬೆಥೆಸ್ಡವನ್ನೂ, ಬೆಥೆಸ್ಡದವರನ್ನು ಸೇರಿಸಿಕೊಳ್ಳುವ ಸಭೆಗಳನ್ನೂ ದೂರವಿಟ್ಟರು. ಆ ಬೆಥೆಸ್ಡದ ಪಾಲಕರಲ್ಲೊಬ್ಬರು ಸಾವಿರಾರು ಅನಾಥರನ್ನು ಪ್ರಾರ್ಥನೆಯಿಂದಲೇ ಸಾಕಿದ ಜಾರ್ಜ್ ಮುಲ್ಲರ್. 1881ರಲ್ಲಿ ಡಾರ್ಬಿಯ ಬರಹಗಳನ್ನು ಸಂಪಾದಿಸಿದ ವಿಲಿಯಂ ಕೆಲಿಯೇ ಬೇರೆಯಾಗಬೇಕಾಯಿತು. ಆ ನಂತರವೂ ಒಡಕು ನಿಲ್ಲಲಿಲ್ಲ. 1960ರ ದಶಕದಲ್ಲಿ ಅದರ ಒಂದು ಕವಲು ಸದಸ್ಯರಲ್ಲದ ಗಂಡ, ಹೆಂಡತಿ, ತಂದೆ, ತಾಯಿಯ ಜೊತೆಗೂ ಊಟ ಮಾಡಬಾರದೆಂಬಲ್ಲಿಗೆ ಬಂದು ನಿಂತಿತು. ಆ ನಿಯಮದಿಂದ ಎಷ್ಟೋ ಮನೆಗಳು ಒಡೆದವು.

ಇದನ್ನು ಮೊದಲೇ ಕಂಡವರು ಒಬ್ಬರಿದ್ದರು. ಆ ಮೊದಲ ಗುಂಪಿನ ಆಂಥನಿ ನೋರಿಸ್ ಗ್ರೋವ್ಸ್ 1836ರಲ್ಲಿ ಡಾರ್ಬಿಗೆ ಬರೆದ ಪತ್ರದಲ್ಲಿ, ನೀವು ಯಾವುದರ ಪರವಾಗಿ ಸಾಕ್ಷಿ ಹೇಳುತ್ತೀರೋ ಅದಕ್ಕಿಂತ ಯಾವುದರ ವಿರುದ್ಧ ಸಾಕ್ಷಿ ಹೇಳುತ್ತೀರೋ ಅದರಿಂದಲೇ ಜನ ನಿಮ್ಮನ್ನು ಗುರುತಿಸುವ ದಿನ ಬರುತ್ತದೆ ಎಂದು ಎಚ್ಚರಿಸಿದ್ದರು. ಹಿರಿಯರೇ, ನಿಮ್ಮ ಸಭೆಯ ಮಗುವೊಂದನ್ನು ಕರೆದು, ನಮ್ಮ ಸಭೆ ಏನನ್ನು ನಂಬುತ್ತದೆ ಎಂದು ಕೇಳಿ. ನಾನು ಕೇಳಿದ್ದೇನೆ. ಆ ಹುಡುಗ ಮೊದಲು ಹೇಳಿದ್ದು ಯಾರು ಯಾರು ಸುಳ್ಳು ಬೋಧಕರೆಂದು. ಯೇಸುವಿನ ಹೆಸರು ಬಂದದ್ದು ಆಮೇಲೆ.

ಪ್ರತ್ಯೇಕತೆಗೆ ಒಂದು ತಳ ಬೇಕು. ಸುಳ್ಳಿನಿಂದ ಬೇರೆಯಾಗುವುದು ಒಂದು. ಸುಳ್ಳಿನಿಂದ ಬೇರೆಯಾಗದವನಿಂದ ಬೇರೆಯಾಗುವುದು ಇನ್ನೊಂದು. 1957ರಲ್ಲಿ ಬಿಲ್ಲಿ ಗ್ರಹಾಂ ನ್ಯೂಯಾರ್ಕ್‌ನ ಕೂಟಗಳನ್ನು ಉದಾರವಾದಿ ಸಭೆಗಳೂ ಇದ್ದ ಮಂಡಳಿಯ ಜೊತೆ ಸೇರಿ ನಡೆಸಿದಾಗ ಅಮೆರಿಕದ ಕಟ್ಟಾ ಪ್ರತ್ಯೇಕತಾವಾದಿ ಬೋಧಕ ಬಾಬ್ ಜೋನ್ಸ್ ಮೊದಲಾದವರು ದೂರವಾದದ್ದು ಈ ಎರಡನೆಯ ಕಾರಣಕ್ಕೆ. ಅವರ ಆತಂಕವನ್ನು ನಾನು ಅರ್ಥಮಾಡಿಕೊಳ್ಳಬಲ್ಲೆ. ಆದರೆ ನೀವು ಈಗ ಬಾಬ್ ಜೋನ್ಸರ ಕಡೆಯವರನ್ನೂ ಬಾಬೆಲಿಗೆ ಸೇರಿಸಿದ್ದೀರಿ, ಅವರು ಸಾಕಷ್ಟು ಬೇರೆಯಾಗಲಿಲ್ಲವೆಂದು. ಕಳೆದ ವರ್ಷ ನಿಮ್ಮಿಂದಲೇ ಕೆಲವು ಮನೆಗಳು ಹೊರಬಿದ್ದವು. ಅವರೂ ಒಂದೇ ವಾರದಲ್ಲಿ ಬಾಬೆಲ್ ಆದರು. ನೀವೂ ಹಿರಿಯರೂ ನಾಳೆ ಯಾವುದೋ ಒಂದು ವಚನದಲ್ಲಿ ಭಿನ್ನರಾದರೆ ಏನು ಮಾಡುತ್ತೀರಿ, ಸಭಾಪಾಲಕರೇ? ನಾನೊಬ್ಬನೇ ಉಳಿದೆನೆಂದು ಎಲೀಯನು ಎರಡು ಸಲ ಹೇಳಿದ. ತನಗೆ ನಂಬಿಗಸ್ತರಾಗಿ ಉಳಿದ ಏಳು ಸಾವಿರ ಜನರ ಲೆಕ್ಕವನ್ನು ದೇವರು ಕೊಟ್ಟ. ಪ್ರವಾದಿಗೇ ಗೊತ್ತಿಲ್ಲದ ಏಳು ಸಾವಿರ!

ಈಗ ನಮ್ಮ ಮನೆಯ ವಿಷಯ.

ನಮ್ಮ ಅಮ್ಮ ಹರೆಯದಲ್ಲಿ ದೀಕ್ಷಾಸ್ನಾನ ಪಡೆದವರು. ಕೊನೆಯವರೆಗೂ ಬೆಳಗಿನ ಜಾವ ಎದ್ದು ಮೊಣಕಾಲೂರಿ ಮಕ್ಕಳೆಲ್ಲರ ಹೆಸರು ಹಿಡಿದು ಪ್ರಾರ್ಥಿಸಿದವರು. ಅಕ್ಕನಿಗೆ ಪ್ರಾರ್ಥನೆ ಕಲಿಸಿದ್ದು ಅವರೇ. ಅಮ್ಮ ಹಾಸಿಗೆ ಹಿಡಿದಾಗ ಅಕ್ಕ ಮೊದಮೊದಲು ಬರುತ್ತಿದ್ದಳು. ಬಂದರೂ ನಮ್ಮ ಜೊತೆ ಊಟಕ್ಕೆ ಕೂರುತ್ತಿರಲಿಲ್ಲ, ಅಮ್ಮನಿಗಾಗಿ ನಮ್ಮ ಸಭಾಪಾಲಕರು ಪ್ರಾರ್ಥಿಸಲು ಬಂದರೆ ಎದ್ದು ಹೊರಗೆ ಹೋಗುತ್ತಿದ್ದಳು. ಬರಬರುತ್ತ ಬರುವುದೂ ಕಡಿಮೆಯಾಯಿತು. ಕೇಳಿದರೆ, "ಹಿರಿಯರನ್ನು ಕೇಳಬೇಕು" ಎನ್ನುತ್ತಿದ್ದಳು. ತಾಯಿಯನ್ನು ನೋಡಲು ಮಗಳು ಯಾರನ್ನು ಕೇಳಬೇಕು? ದೇವರಿಗೆ ಮುಡಿಪಾಯಿತೆಂದು ಹೇಳಿ ತಂದೆತಾಯಿಗಳಿಗೆ ಮಾಡಬೇಕಾದದ್ದನ್ನು ತಪ್ಪಿಸಿದವರಿಗೆ ಯೇಸು ಏನು ಹೇಳಿದನೆಂಬುದು ಮಾರ್ಕ 7ರಲ್ಲಿದೆ. ನಾನು ಬಿಡಿಸಿ ಹೇಳಬೇಕಿಲ್ಲ.

ಅಮ್ಮ ತೀರಿಕೊಂಡ ದಿನ ಅಕ್ಕ ಸ್ಮಶಾನದ ಗೇಟಿನ ಹೊರಗೆ ನಿಂತಿದ್ದಳು. ಪ್ರಾರ್ಥನೆ, ಹಾಡು, ಮಣ್ಣು ಹಾಕುವುದು ಎಲ್ಲ ಮುಗಿದು ಜನ ಹೊರಟ ಮೇಲೆ ಒಳಗೆ ಬಂದಳು. ಮುಂದಿನ ವಾರ ನಿಮ್ಮಲ್ಲೊಬ್ಬರು ಅವಳಿಗೆ, "ನಿನ್ನ ತಾಯಿ ಬಾಬೆಲಿನಲ್ಲೇ ಸತ್ತಳು, ಅವಳಿಗಾಗಿ ಅಳುವುದು ದೇವರ ತೀರ್ಪಿಗೆ ವಿರೋಧ" ಎಂದರು. ಅಕ್ಕ ಈ ಮಾತನ್ನು ನನಗೆ ಫೋನಿನಲ್ಲಿ ಹೇಳಿದಳು. ಆಮೇಲೆ ಫೋನ್ ಮಾಡಿಲ್ಲ.

ಊಟದ ವಿಷಯಕ್ಕೆ ನೀವು 1 ಕೊರಿಂಥ 5:11 ತೋರಿಸುತ್ತೀರಿ. ಸಹೋದರನೆನಿಸಿಕೊಂಡು ಜಾರನಾಗಲಿ ಲೋಭಿಯಾಗಲಿ ವಿಗ್ರಹಾರಾಧಕನಾಗಲಿ ಬೈಯುವವನಾಗಲಿ ಕುಡುಕನಾಗಲಿ ಸುಲುಕೊಳ್ಳುವವನಾಗಲಿ ಆಗಿದ್ದರೆ ಅಂಥವನ ಜೊತೆ ಊಟ ಮಾಡಬಾರದು ಎಂಬ ವಚನ. ಲೋಕದವರ ಬಗ್ಗೆ ನಾನಿದನ್ನು ಹೇಳಲಿಲ್ಲ ಎಂದು ಪೌಲನೇ ಹಿಂದಿನ ವಚನದಲ್ಲಿ ಸ್ಪಷ್ಟಪಡಿಸಿದ್ದಾನೆ. ಹಾಗಾದರೆ ನೀವೇ ಹೇಳಿ: ನಾವು ಕ್ರೈಸ್ತರೇ ಅಲ್ಲದಿದ್ದರೆ ಈ ವಚನ ನಮಗೆ ತಗಲುವುದಿಲ್ಲ, ಅಕ್ಕ ನಮ್ಮ ಜೊತೆ ಧಾರಾಳವಾಗಿ ಉಣ್ಣಬಹುದು. ನಾವು ಸಹೋದರರಾಗಿದ್ದರೆ, ಹಾಸಿಗೆಯಲ್ಲಿ ಮಲಗಿದ್ದ ನಮ್ಮ ಅಮ್ಮ ಆ ಪಟ್ಟಿಯ ಯಾವ ಪಾಪ ಮಾಡಿದ್ದರು?

ಇನ್ನೊಂದನ್ನೂ ನಾನು ಕಣ್ಣಾರೆ ಕಂಡೆ. ನಿಮ್ಮ ಸಭೆಯ ಯುವಕನೊಬ್ಬ ಹೊರಗಿನ ಪುಸ್ತಕ ಓದಿ ಏನೋ ಪ್ರಶ್ನೆ ಕೇಳಿದನಂತೆ. ಆರಾಧನೆಯ ಕೊನೆಯಲ್ಲಿ ಅವನನ್ನು ನಿಲ್ಲಿಸಿ, ದಂಗೆಕೋರನೆಂದು ಓದಿ ಹೇಳಿ, ಅವನಿಗೆ ಒಂದು ಮಾತೂ ಆಡಗೊಡದೆ ಹೊರಗೆ ಕಳಿಸಿದಿರಿ. ಅವನ ಹೆಂಡತಿ ಒಳಗೇ ಕುಳಿತಿದ್ದಳು, ಏಳಲು ಧೈರ್ಯವಿಲ್ಲದೆ. ಮತ್ತಾಯ 18ರ ಪ್ರಕಾರ ತಪ್ಪುಮಾಡಿದ ಸಹೋದರನ ಬಳಿಗೆ ಮೊದಲು ಒಬ್ಬನೇ ಹೋಗಬೇಕು, ಆಮೇಲೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗಬೇಕು, ಸಭೆಗೆ ತರುವುದು ಕೊನೆಗೆ. ಬೆರೋಯ ಎಂಬ ಊರಿನವರು ಅಪೊಸ್ತಲನಾದ ಪೌಲನ ಮಾತನ್ನೇ ಶಾಸ್ತ್ರದೊಂದಿಗೆ ತಾಳೆನೋಡಿ ಮೆಚ್ಚುಗೆ ಪಡೆದರು. ನಿಮ್ಮ ಮಾತನ್ನು ತಾಳೆನೋಡಿದವನು ಬೀದಿಗೆ ಬಿದ್ದ.

ನನ್ನ ಕೋರಿಕೆಗಳು ಇವು. ನಿಮ್ಮ ಸಭೆಯ ಯಾವ ಸದಸ್ಯರೂ ತಮ್ಮ ತಂದೆತಾಯಿ, ಒಡಹುಟ್ಟಿದವರು, ಮಕ್ಕಳನ್ನು ಕಾಣಲು, ಅವರೊಂದಿಗೆ ಉಣ್ಣಲು, ಅವರ ಮದುವೆಗೂ ಸಾವಿಗೂ ಹೋಗಲು ಹಿರಿಯರ ಅಪ್ಪಣೆ ಬೇಕಿಲ್ಲವೆಂದು ಪೀಠದಿಂದಲೇ ಹೇಳಿ. ಖಾಸಗಿಯಾಗಿ ಹೇಳಿದರೆ ಸಾಲದು, ಭಯ ಹುಟ್ಟಿದ್ದು ಪೀಠದಿಂದ. ಯಾರ ಮೇಲಾದರೂ ದೂರು ಬಂದರೆ ಅವರಿಗೆ ಅದನ್ನು ಮೊದಲೇ ತಿಳಿಸಿ, ಎರಡು ಮೂರು ಸಾಕ್ಷಿಗಳಿಲ್ಲದೆ ಒಪ್ಪಬೇಡಿ, ಅವರ ಉತ್ತರ ಕೇಳದೆ ತೀರ್ಪು ಕೊಡಬೇಡಿ. ಆ ಯುವಕನನ್ನು ಕರೆದು ಕೇಳಿ. ಹೊರಗಿನ ಬೋಧನೆಯನ್ನು ಖಂಡಿಸುವುದಾದರೆ ಯಾರು, ಎಲ್ಲಿ, ಏನು ಹೇಳಿದರೆಂದು ತೋರಿಸಿ ಖಂಡಿಸಿ. ಎಲ್ಲರನ್ನೂ ಒಂದೇ ಹಗ್ಗದಲ್ಲಿ ಕಟ್ಟಿ ನರಕಕ್ಕೆ ಕಳಿಸುವ ಅಧಿಕಾರವನ್ನು ಕರ್ತನು ಯಾವ ಹಿರಿಯನಿಗೂ ಕೊಟ್ಟಿಲ್ಲ. ಯೇಸು ಹೇಳಿದ ಸಾಮ್ಯದಲ್ಲಿ, ಗೋದಿಯ ಹೊಲದಲ್ಲಿ ಹಣಜಿ ಎಂಬ ಕಳೆ ಕಂಡ ಆಳುಗಳಿಗೆ ಯಜಮಾನನು ಕೀಳಬೇಡಿ ಎಂದದ್ದು, ಅವರು ಗೋದಿಯನ್ನೂ ಕಿತ್ತಾರೆಂದು.

ನಮ್ಮ ಕಡೆಯ ಸಭಾಪಾಲಕರಿಗೂ ಒಂದು ಮಾತು. ಇಂಥ ಸಭೆಗಳನ್ನು ಹುಚ್ಚರ ಗುಂಪೆಂದು ಕರೆದು ನಗಬೇಡಿ. ಅಲ್ಲಿಗೆ ಹೋದವರಲ್ಲಿ ಬಹಳ ಮಂದಿ ನಮ್ಮಲ್ಲಿ ಹಸಿದು ಹೋದವರು. ನಮ್ಮ ಅಕ್ಕ ಹೋದದ್ದೂ ವಾಕ್ಯವನ್ನು ಆಳವಾಗಿ ಕಲಿಸುವವರು ಬೇಕೆಂದು. ನಮ್ಮ ಸಭೆಯಲ್ಲಿ ಆಗ ಹೊಸ ಕಟ್ಟಡದ ನಿಧಿಯ ಮಾತೇ ಹೆಚ್ಚಾಗಿತ್ತು. ಅಲ್ಲಿಂದ ಹೊರಬಂದವರು ನಮ್ಮ ಬಳಿ ಬಂದಾಗ ಅವರನ್ನು ವೇದಿಕೆ ಹತ್ತಿಸಿ ಸಾಕ್ಷಿ ಹೇಳಿಸಬೇಡಿ, ವಿಶ್ರಾಂತಿ ಕೊಡಿ.

ಕೊನೆಯದಾಗಿ ನಮ್ಮ ಅಮ್ಮನ ಬಗ್ಗೆ ಆಡಿದ ಮಾತು. ಇನ್ನೊಬ್ಬನ ಸೇವಕನ ವಿಷಯದಲ್ಲಿ ತೀರ್ಪು ಮಾಡುವುದಕ್ಕೆ ನೀನು ಯಾರು ಎಂದು ರೋಮಾಪುರ 14:4 ಕೇಳುತ್ತದೆ. ಆ ಮಾತನ್ನು ಆಡಿದ ಹಿರಿಯರು ಅದನ್ನು ಹಿಂತೆಗೆದುಕೊಳ್ಳಬೇಕೆಂದು ಕೇಳುತ್ತೇನೆ. ನನ್ನೊಂದಿಗೆ ಕೂತು ಮಾತಾಡಲು ನೀವು ಒಪ್ಪುವುದಾದರೆ ಸ್ಥಳವನ್ನು ನೀವೇ ಆರಿಸಿ, ಸತ್ಯವೇದವನ್ನು ತೆರೆದಿಟ್ಟು ಕೂರೋಣ, ಅಕ್ಕನೂ ಇರಲಿ, ಹೆದರದೆ ಮಾತಾಡಲಿ. ಒಪ್ಪುವುದಿಲ್ಲವಾದರೆ ನನಗೆ ಉತ್ತರ ಬರೆಯದಿದ್ದರೂ ಸರಿ. ಅವಳ ಬಳಿ ಹೋಗಿ, ತಾಯಿಗಾಗಿ ಅಳುವುದು ಪಾಪವಲ್ಲವೆಂದು ನೀವೇ ಹೇಳಿ. ನನ್ನ ಮಾತನ್ನು ಅವಳು ಈಗ ಕೇಳುವುದಿಲ್ಲ, ನಿಮ್ಮ ಮಾತನ್ನು ಕೇಳುತ್ತಾಳೆ.

ಕರ್ತನಲ್ಲಿ,
ನಿಮ್ಮ ಸಭೆಯ ಸದಸ್ಯೆಯೊಬ್ಬಳ ತಮ್ಮ